ಹಳೆಯ ಜೀಪಿನ ಡೀಸೆಲ್ ಲೆಕ್ಕ

ಲೀಟರಿಗೆ 8 ಕಿ.ಮೀ. ಓಡುತ್ತಿದ್ದ ಹಳೆಯ ಜೀಪನ್ನು 10ಕ್ಕೆ ತಂದರೆ ಹೆಚ್ಚು ಇಂಧನ ಉಳಿಯುತ್ತದೆಯೋ, 16 ಓಡುತ್ತಿದ್ದ ಕಾರನ್ನು 20ಕ್ಕೆ ತಂದರೆ ಹೆಚ್ಚು ಉಳಿಯುತ್ತದೆಯೋ? ನಾಲ್ಕು ಕಿಲೋಮೀಟರ್ ಏರಿಸಿದ ಕಾರೇ ಗೆದ್ದಿತು ಎನ್ನಲು ಮನಸ್ಸಾಗುತ್ತದೆ. ಆದರೆ 100 ಕಿ.ಮೀ. ಪ್ರಯಾಣಕ್ಕೆ ಲೆಕ್ಕ ಹಾಕಿದರೆ ಜೀಪಿನ ಖರ್ಚು 12.5 ಲೀಟರಿನಿಂದ 10 ಲೀಟರಿಗೆ ಇಳಿದಿರುತ್ತದೆ, ಕಾರಿನದು 6.25ರಿಂದ 5ಕ್ಕೆ. ಜೀಪಿನಲ್ಲಿ ಉಳಿದದ್ದು ಎರಡೂವರೆ ಲೀಟರ್, ಕಾರಿನಲ್ಲಿ ಒಂದೂಕಾಲು. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಇಂಧನವನ್ನು 'ಲೀಟರಿಗೆ ಎಷ್ಟು ದೂರ' ಎಂದು ಅಳೆಯುವ ಅಭ್ಯಾಸ ನಮ್ಮ ಅಂದಾಜನ್ನು ದಾರಿ ತಪ್ಪಿಸುತ್ತದೆ. ಹೆಚ್ಚು ಕುಡಿಯುವ ಗಾಡಿಯಲ್ಲಿ ಆಗುವ ಸಣ್ಣ ಸುಧಾರಣೆಯೂ ಟ್ಯಾಂಕಿನ ಮಟ್ಟಿಗೆ ದೊಡ್ಡದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇಂದಿಗೂ ಗೊಬ್ಬರದ ಮೂಟೆ, ಕಾಫಿ ಚೀಲ, ಕೆಲಸದವರನ್ನು ಹೊತ್ತು ಓಡಾಡುವ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳು ಆ ಜಾತಿಯವು. 'ಹಳೇ ಗಾಡಿ, ಇಷ್ಟೇ ಕೊಡೋದು' ಎಂದು ಕೈಬಿಡುವುದು ಉಳಿತಾಯ ಅತ್ಯಂತ ಹೆಚ್ಚಿರುವ ಜಾಗದಲ್ಲೇ ಕೈಬಿಟ್ಟಂತೆ.

ಮೈಲೇಜ್ ಕಡಿಮೆ ಎಂದೊಡನೆ ಹೆಚ್ಚಿನವರು ಬಾನೆಟ್ ಎತ್ತುತ್ತಾರೆ. ಅದಕ್ಕೆ ಕಾರಣವೂ ಉಂಟು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ, ಅದರಲ್ಲಿ ಚಕ್ರಕ್ಕೆ ತಲುಪುವುದು ಕಾಲುಭಾಗಕ್ಕಿಂತಲೂ ಕಡಿಮೆ. ಉಳಿದದ್ದು ಸೈಲೆನ್ಸರ್‌ನಲ್ಲಿ, ರೇಡಿಯೇಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಇಷ್ಟು ದೊಡ್ಡ ನಷ್ಟ ಎಂಜಿನ್ನಿನಲ್ಲೇ ಆಗುತ್ತಿರುವಾಗ ಪರಿಹಾರವನ್ನು ಅಲ್ಲೇ ಹುಡುಕಬೇಕು ಎಂಬುದು ಸಹಜ ತರ್ಕ. ಆದರೆ ನಷ್ಟ ಎಲ್ಲಿ ದೊಡ್ಡದೋ ಅಲ್ಲೇ ಅದನ್ನು ತಡೆಯಲು ಸಾಧ್ಯ ಎಂದೇನೂ ಇಲ್ಲ. ಉಷ್ಣವನ್ನು ಕೆಲಸವಾಗಿ ಬದಲಿಸುವ ಯಾವ ಯಂತ್ರವೂ ಒಂದು ಪಾಲನ್ನು ಹೊರಚೆಲ್ಲಲೇಬೇಕು. ಅದು ಉಷ್ಣಗತಿ ವಿಜ್ಞಾನದ ನಿಯಮ. ಅದರ ಮೇಲೆ ಮೂವತ್ತು ವರ್ಷದ ಹಿಂದಿನ ಎಂಜಿನ್ನಿನ ಸಿಲಿಂಡರ್, ಪಿಸ್ಟನ್, ದಹನಕೋಶದ ಆಕಾರಗಳು ಎರಕದಲ್ಲೇ ನಿರ್ಧಾರವಾಗಿಬಿಟ್ಟಿವೆ. ಅವನ್ನು ಗ್ಯಾರೇಜಿನಲ್ಲಿ ಬದಲಿಸಲಾಗದು. ನಮ್ಮ ಕೈಗೆ ಸಿಗುವುದು ಬೇರೆ ಎರಡು: ಚಕ್ರ ಎಂಜಿನ್ನಿನಿಂದ ಕೇಳುವ ಕೆಲಸ, ಮತ್ತು ಎಂಜಿನ್ ತಾನು ತಿರುಗುವುದಕ್ಕಾಗಿಯೇ ಮಾಡುವ ಖರ್ಚು. ಹಳೆಯ ಗಾಡಿಯ ಮೈಲೇಜನ್ನು ಈ ಎರಡು ಖಾತೆಗಳ ಮೂಲಕವೇ ನೋಡಬೇಕು, ಅದರಲ್ಲೂ ಚಕ್ರದಿಂದ ಶುರುಮಾಡಿ ಎಂಜಿನ್ನಿನ ಕಡೆಗೆ ಬರಬೇಕು ಎಂಬುದು ಈ ಅಧ್ಯಾಯದ ವಾದ.

ಈ ಎರಡು ಖಾತೆಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಎಂಜಿನ್ ಒಂದು ಸುತ್ತು ತಿರುಗಬೇಕಾದರೆ ಪಿಸ್ಟನ್ ರಿಂಗುಗಳ ಘರ್ಷಣೆ, ಬೇರಿಂಗುಗಳ ಎಣ್ಣೆಯ ಜಿಗುಟು, ವಾಲ್ವುಗಳ ಸ್ಪ್ರಿಂಗು, ಆಯಿಲ್ ಪಂಪು, ವಾಟರ್ ಪಂಪು, ಫ್ಯಾನು ಇವೆಲ್ಲಕ್ಕೂ ಶಕ್ತಿ ಕೊಡಬೇಕು. ಗಾಡಿ ಹೊರೆ ಹೊತ್ತಿರಲಿ, ಖಾಲಿ ಇರಲಿ, ಪ್ರತಿ ಸುತ್ತಿಗೂ ಈ ಖರ್ಚು ಹೆಚ್ಚುಕಡಿಮೆ ಒಂದೇ. ಮನೆಯ ಬಾಡಿಗೆ ಇದ್ದ ಹಾಗೆ, ಉಂಡರೂ ಉಪವಾಸವಿದ್ದರೂ ಅದನ್ನು ಕಟ್ಟಲೇಬೇಕು. ಇದನ್ನು ಸುತ್ತಿನ ಖರ್ಚು ಎನ್ನೋಣ. ಗಾಡಿಯನ್ನು ಮುಂದೆ ತಳ್ಳಲು ಬೇಕಾದದ್ದು ಚಕ್ರದ ಖರ್ಚು. ಸುಮಾರು ಎರಡು ಲೀಟರ್ ಗಾತ್ರದ ಹಳೆಯ ಡೀಸೆಲ್ ಎಂಜಿನ್, ಹೊರೆಸಮೇತ 1,600 ಕೆ.ಜಿ. ತೂಕ, ಮಹೀಂದ್ರ ಎಂಎಂ 540ರಂಥ ಚೌಕಾಕಾರದ ಮೈ: ಇಂಥ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಟಾಪ್ ಗೇರಿನಲ್ಲಿ ಹೋಗುತ್ತಿದೆ ಎಂದುಕೊಂಡು ಲೆಕ್ಕ ಹಾಕಿದರೆ ಇಂಧನದ ಅರ್ಧಕ್ಕೆ ಸಮೀಪದ ಪಾಲು ಸುತ್ತಿನ ಖಾತೆಗೆ, ಉಳಿದದ್ದು ಚಕ್ರದ ಖಾತೆಗೆ ಹೋಗುತ್ತದೆ. ಸುತ್ತಿನ ಖರ್ಚು ಹೇಗೂ ಆಗಿಬಿಟ್ಟಿರುವುದರಿಂದ ಚಕ್ರದಲ್ಲಿ ಉಳಿಸಿದ ಒಂದು ಜೂಲ್ ಟ್ಯಾಂಕಿನಲ್ಲಿ ನಾಲ್ಕು ಜೂಲ್ ಉಳಿಸುವುದಿಲ್ಲ. ಆದರೂ ಎರಡೂವರೆಯಿಂದ ಮೂರು ಜೂಲ್ ಉಳಿಸುತ್ತದೆ. ಎಂಜಿನ್ನಿನ ಅದಕ್ಷತೆ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಚಕ್ರದ ಬಳಿ ತಪ್ಪಿಸಿದ ಪ್ರತಿಯೊಂದು ತಡೆಯೂ ಟ್ಯಾಂಕಿಗೆ ತಲುಪುವಷ್ಟರಲ್ಲಿ ಸುಮಾರು ಮೂರು ಪಟ್ಟಾಗಿರುತ್ತದೆ.

ಹಾಗಾದರೆ ಚಕ್ರ ಏನೇನು ಕೇಳುತ್ತದೆ? ಮೊದಲನೆಯದು ಉರುಳುವಾಗಿನ ತಡೆ. ಟೈರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸಲ ಹೀಗಾದಾಗಲೂ ರಬ್ಬರ್ ಸ್ವಲ್ಪ ಶಕ್ತಿಯನ್ನು ಬಿಸಿಯಾಗಿ ನುಂಗುತ್ತದೆ. ನಮ್ಮ ಜೀಪಿಗೆ ಇದು, ಆಕ್ಸಲ್‌ಗಳ ಎಣ್ಣೆಯ ತಡೆಯೂ ಸೇರಿ, ಸುಮಾರು 235 ನ್ಯೂಟನ್ ಬಲ. ವೇಗ ಹೆಚ್ಚಿದರೂ ಅದು ಅಷ್ಟಾಗಿ ಬದಲಾಗುವುದಿಲ್ಲ. ಎರಡನೆಯದು ಗಾಳಿಯ ತಡೆ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಂದಿನ ಸಣ್ಣ ಕಾರಿನ ಗಾಳಿತಡೆ ಗುಣಾಂಕ 0.3ರ ಆಸುಪಾಸಿನಲ್ಲಿದ್ದರೆ ನೆಟ್ಟಗೆ ನಿಂತ ಗಾಜು, ಚೂಪು ಅಂಚು, ಬಟ್ಟೆಯ ಟಾಪಿನ ಜೀಪಿನದು ಅದರ ಎರಡು ಪಟ್ಟು. ಹೀಗಾಗಿ 40 ಕಿ.ಮೀ. ವೇಗದಲ್ಲಿ ಗಾಳಿ ಒಡ್ಡುವ ತಡೆ ಸುಮಾರು 115 ನ್ಯೂಟನ್, 60ರಲ್ಲಿ 255, 80ರಲ್ಲಿ 455. ಅಂದರೆ 60ರ ಹತ್ತಿರ ಗಾಳಿಯೂ ಟೈರೂ ಸಮಸಮ. 80ಕ್ಕೆ ಹೋದರೆ ಗಾಳಿಯದೇ ಎರಡು ಪಾಲು. ಚಕ್ರದ ಕೆಲಸ ಶೇ. 40ರಷ್ಟು ಏರುತ್ತದೆ, ಸುತ್ತಿನ ಖರ್ಚನ್ನೂ ಸೇರಿಸಿದರೆ ಕಿಲೋಮೀಟರಿಗೆ ತಗಲುವ ಡೀಸೆಲ್ ಸುಮಾರು ಕಾಲುಭಾಗ ಹೆಚ್ಚುತ್ತದೆ. ನಮ್ಮ ದೇಶದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ವರ್ಷಗಳಿಂದ ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನು ಶಿಫಾರಸು ಮಾಡುತ್ತಿರುವುದರ ಹಿಂದೆ ಇರುವುದು ಈ ವರ್ಗದ ನಿಯಮ. ಚೌಕಾಕಾರದ ಗಾಡಿಗೆ ಆ ಮಾತು ಕಾರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. 50 ಕಿ.ಮೀ. ದೂರವನ್ನು 80ರ ಬದಲು 60ರಲ್ಲಿ ಕ್ರಮಿಸಿದರೆ ತಗಲುವ ಹೆಚ್ಚುವರಿ ಸಮಯ ಹನ್ನೆರಡೂವರೆ ನಿಮಿಷ. ಆ ನಿಮಿಷಗಳಿಗೆ ಕಟ್ಟುತ್ತಿರುವ ಬೆಲೆ ಒಂದು ಲೀಟರ್ ಡೀಸೆಲಿಗೆ ಹತ್ತಿರ ಎಂಬುದು ತಿಳಿದ ಮೇಲೆ ಅವಸರವಿದ್ದವರು ಅವಸರ ಮಾಡಲಿ.

ಮಲೆನಾಡಿನಲ್ಲಿ 80ರ ವೇಗಕ್ಕೆ ರಸ್ತೆಯೇ ಎಲ್ಲಿದೆ ಎಂದು ಕೇಳಬಹುದು. ನಿಜ, ಅಲ್ಲಿ ಗಾಳಿಗಿಂತ ಏರು ಮತ್ತು ಬ್ರೇಕು ಮುಖ್ಯವಾಗುತ್ತವೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ತಲುಪುವಷ್ಟರಲ್ಲಿ ಗಾಡಿ ಸುಮಾರು 1,150 ಮೀಟರ್ ಮೇಲೇರಿರುತ್ತದೆ. 1,600 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತಲು 18 ಮೆಗಾಜೂಲ್ ಕೆಲಸ ಬೇಕು. ದೂರಕ್ಕೆ ಖರ್ಚಾಗುವುದನ್ನು ಬಿಟ್ಟು ಬರೀ ಎತ್ತರಕ್ಕೇ ಒಂದೂವರೆ ಲೀಟರಿನ ಹತ್ತಿರ. ಹಿಂದಿನ ಸೀಟಿನ ಕೆಳಗೆ ಕಾಯಂ ಆಗಿ ಬಿದ್ದಿರುವ ಸರಪಳಿ, ಹಳೆಯ ಬಿಡಿಭಾಗ, ಎರಡನೇ ಸ್ಟೆಪ್ನಿ ಎಲ್ಲ ಸೇರಿ 100 ಕೆ.ಜಿ. ಆದರೆ ಒಂದು ಸಲ ಘಾಟಿ ಹತ್ತಲು ಅದೊಂದಕ್ಕೇ 85 ಮಿ.ಲೀ. ಬೇಕು. ಇಳಿಜಾರಿನಲ್ಲಿ ಆ ಶಕ್ತಿ ವಾಪಸು ಸಿಗಬೇಕಿತ್ತು, ಆದರೆ ಹೆಚ್ಚಿನ ಪಾಲು ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲೂ 60ರ ವೇಗದಿಂದ ಒಮ್ಮೆ ಬ್ರೇಕ್ ಒತ್ತಿ ನಿಲ್ಲಿಸಿದರೆ ಕಳೆದುಕೊಳ್ಳುವುದು 220 ಕಿಲೋಜೂಲ್, ಅಂದರೆ ಸುಮಾರು 17 ಮಿ.ಲೀ. ಡೀಸೆಲ್. ಮುಂದಿನ ಹಂಪು, ತಿರುವು, ದನದ ಹಿಂಡು ದೂರದಿಂದಲೇ ಕಂಡಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅಷ್ಟೂ ಉಳಿಯುತ್ತದೆ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಲ್ಲಿ ಒರಟಾಗಿ ಓಡಿಸುವುದರಿಂದ ಹೆದ್ದಾರಿಯಲ್ಲಿ ಶೇ. 15ರಿಂದ 30ರವರೆಗೆ ಮೈಲೇಜ್ ಕುಸಿಯುತ್ತದೆ. ಯಾವ ಬಿಡಿಭಾಗವೂ ಇಷ್ಟು ವಾಪಸು ಕೊಡಲಾರದು.

ಇಳಿಜಾರು ಎಂದಾಕ್ಷಣ ನ್ಯೂಟ್ರಲ್ ಹಾಕಿ ಇಳಿಸುವ ಅಭ್ಯಾಸದ ಮಾತು ಬಂದೇ ಬರುತ್ತದೆ. ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಹಲವರು ಹಾಗೆ ಮಾಡುತ್ತಾರೆ. ಆದರೆ ಇಂಜೆಕ್ಷನ್ ಪಂಪಿನ ಗವರ್ನರ್ ಕೆಲಸ ಮಾಡುವ ರೀತಿಯೇ ಇದಕ್ಕೆ ವಿರುದ್ಧವಾಗಿದೆ. ಗಾಡಿ ಗೇರಿನಲ್ಲಿದ್ದು ಕಾಲು ಆಕ್ಸಿಲರೇಟರಿನ ಮೇಲಿಲ್ಲದಿದ್ದಾಗ, ಐಡ್ಲಿಂಗಿಗಿಂತ ಹೆಚ್ಚು ವೇಗದಲ್ಲಿ ತಿರುಗುತ್ತಿರುವ ಎಂಜಿನ್ನಿಗೆ ಗವರ್ನರ್ ಡೀಸೆಲ್ಲನ್ನು ನಿಲ್ಲಿಸಿಬಿಡುತ್ತದೆ. ಆಗ ಎಂಜಿನ್ನನ್ನು ತಿರುಗಿಸುವುದು ಇಳಿಜಾರೇ, ಸುತ್ತಿನ ಖರ್ಚನ್ನು ಗುರುತ್ವವೇ ಭರಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಐಡ್ಲಿಂಗಿಗೆ ಇಳಿದು ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಹಿಡಿತವಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಲೈನರ್ ಕಾದು, ಬ್ರೇಕ್ ಹಿಡಿಯದೆ ಹೋಗುವ ಅಪಾಯವಿದೆ. ಘಾಟಿಯಲ್ಲಿ ಗೇರಿನಲ್ಲೇ ಇಳಿಯುವುದು ಸುರಕ್ಷಿತವೂ ಹೌದು, ಅಗ್ಗವೂ ಹೌದು. ಹಳೆಯ ಗಾಡಿಯನ್ನು ಪ್ರೀತಿಸುವ ಎಲ್ಲರಿಗೂ ಈ ಒಂದು ಮಾತು ತಲುಪಿದರೂ ಸಾಕು.

ಈಗ ಗಾಡಿಯ ಕಡೆಗೆ ಬರೋಣ. ಟೈರಿನ ಗಾಳಿಯಿಂದ ಶುರು. ಸರಾಸರಿ ಒತ್ತಡ ಒಂದು ಪಿಎಸ್‌ಐ ಇಳಿದರೆ ಇಂಧನ ಶೇ. 0.2ರಷ್ಟು ಹೆಚ್ಚು ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಕೇಳಲು ಸಣ್ಣದು, ಆದರೆ ಕೆಸರಿಗೆಂದು 10 ಪಿಎಸ್‌ಐ ಇಳಿಸಿ, ಡಾಂಬರಿಗೆ ಬಂದ ಮೇಲೆ ತುಂಬಿಸಲು ಮರೆತ ಗಾಡಿಗೆ ಸಣ್ಣದಲ್ಲ. ದಪ್ಪ ಗುಬುಟಿನ ಮಡ್ ಟೈರ್ ಬದಲಿಗೆ ರಸ್ತೆಗೂ ಹೊಂದುವ ರೇಡಿಯಲ್ ಟೈರ್ ಹಾಕಿದರೆ ನಮ್ಮ ಜೀಪಿನಲ್ಲಿ ಶೇ. 7–8 ಉಳಿಯಬಹುದು. ಮಳೆಗಾಲದಲ್ಲಿ ತೋಟದ ದಾರಿಗೆ ಮಡ್ ಟೈರ್ ಬೇಕೇ ಬೇಕು ಎನ್ನುವವರ ಮಾತು ಸರಿ. ಹೂತುಕೊಂಡ ಗಾಡಿಯ ಮೈಲೇಜ್ ಸೊನ್ನೆ. ಆದರೆ ವರ್ಷದ ಬಹುಪಾಲು ಡಾಂಬರಿನ ಮೇಲೇ ಓಡುವ ಗಾಡಿಗೆ ಆ ಟೈರ್ ಹಾಕಿದ್ದು ಬರೀ ನೋಟಕ್ಕಾಗಿದ್ದರೆ ಅದರ ಬೆಲೆಯನ್ನು ದಿನವೂ ತೆರುತ್ತಿದ್ದೇವೆ. ಮೇಲಿನ ಕ್ಯಾರಿಯರ್ ಕೂಡ ಹಾಗೆಯೇ. 40ರ ವೇಗದಲ್ಲಿ ಅದು ಲೆಕ್ಕಕ್ಕಿಲ್ಲ, 80ರಲ್ಲಿ ಖಾಲಿ ಕ್ಯಾರಿಯರ್ ಕೂಡ ಡೀಸೆಲ್ ತಿನ್ನುತ್ತದೆ. ಬಿಗಿಯಾದ ಬ್ರೇಕ್ ಶೂ, ಅತಿಯಾಗಿ ಬಿಗಿದ ಹಬ್ ಬೇರಿಂಗ್ ಇವು ಸದ್ದಿಲ್ಲದೆ ಶೇ. 3ರಷ್ಟು ಕದಿಯಬಲ್ಲವು. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಸಮತಟ್ಟಾದ, ಬೇರೆ ವಾಹನವಿಲ್ಲದ ರಸ್ತೆಯಲ್ಲಿ 20 ಕಿ.ಮೀ. ವೇಗ ತಲುಪಿ ನ್ಯೂಟ್ರಲ್ ಹಾಕಿ ಎಷ್ಟು ದೂರ ಉರುಳುತ್ತದೆ ನೋಡಬೇಕು, ಇಳಿಜಾರಿನ ಪ್ರಭಾವ ಕಳೆಯಲು ಎರಡೂ ದಿಕ್ಕಿನಲ್ಲಿ. ನಮ್ಮ ಲೆಕ್ಕದ ಜೀಪು ಸುಮಾರು 100 ಮೀಟರ್ ಉರುಳಬೇಕು. 70ಕ್ಕೇ ನಿಂತರೆ ಎಲ್ಲೋ ಏನೋ ಹಿಡಿದಿದೆ. ಸ್ವಲ್ಪ ಓಡಿಸಿದ ಮೇಲೆ ನಾಲ್ಕೂ ಹಬ್ಬಿನ ಹತ್ತಿರ ಕೈ ಹಿಡಿದರೆ ಯಾವುದು ಹೆಚ್ಚು ಬಿಸಿ ಎಂಬುದೇ ಉತ್ತರ.

ಫೋರ್ ವೀಲ್ ಡ್ರೈವಿಗೆ ಮಾತ್ರ ಇರುವ ನಷ್ಟವೊಂದಿದೆ. ಟೂ ವೀಲಿನಲ್ಲಿ ಓಡುವಾಗಲೂ ಮುಂದಿನ ಚಕ್ರಗಳು ತಮ್ಮ ಆಕ್ಸಲ್, ಕ್ರೌನ್, ಪ್ರೊಪೆಲ್ಲರ್ ಶಾಫ್ಟುಗಳನ್ನು ಸುಮ್ಮನೆ ತಿರುಗಿಸುತ್ತಿರುತ್ತವೆ, ದಪ್ಪ ಎಣ್ಣೆಯನ್ನು ಕಡೆಯುತ್ತಿರುತ್ತವೆ. ಎರಡನೇ ಮಹಾಯುದ್ಧ ಮುಗಿದು ವಿಲ್ಲೀಸ್ ಜೀಪುಗಳು ಅಮೆರಿಕದ ಊರುಗಳಿಗೆ ಬಂದಾಗ ಈ ನಷ್ಟ ಕಣ್ಣಿಗೆ ಬಿತ್ತು. 1948ರಲ್ಲಿ ಆರ್ಥರ್ ವಾರ್ನ್ ಕಟ್ಟಿದ ಕಂಪನಿ ಬೆಳೆದದ್ದು ಇದಕ್ಕೆ ಪರಿಹಾರವಾದ ಲಾಕಿಂಗ್ ಹಬ್ಬಿನಿಂದ: ಬೇಡವಾದಾಗ ಚಕ್ರವನ್ನು ಆಕ್ಸಲಿನಿಂದ ಬಿಡಿಸಿಡುವ ಸಾಧನ. ಅದರಿಂದ ಉಳಿಯುವುದು ಶೇ. 1–2 ಮಾತ್ರ, ಆದ್ದರಿಂದ ಮೈಲೇಜ್‌ಗೆಂದೇ ಹೊಸದಾಗಿ ಕೊಳ್ಳುವ ಮೊದಲು ಲೆಕ್ಕ ಹಾಕಬೇಕು. ಈಗಾಗಲೇ ಇದ್ದವರು ಮಳೆಗಾಲ ಕಳೆದ ಮೇಲೆ ಅದನ್ನು ಫ್ರೀ ಮಾಡಲು ಮರೆಯಬಾರದು. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸುವುದಂತೂ ಬೇರೆಯೇ ಮಾತು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುತ್ತವೆ, ನಡುವೆ ಡಿಫರೆನ್ಶಿಯಲ್ ಇಲ್ಲದ ಹಳೆಯ ಗಾಡಿಯಲ್ಲಿ ಅವು ಒಂದನ್ನೊಂದು ಎಳೆದಾಡಿ ಟೈರ್, ಗೇರು, ಡೀಸೆಲ್ ಮೂರನ್ನೂ ಸವೆಸುತ್ತವೆ.

ಇನ್ನು ಸುತ್ತಿನ ಖಾತೆ. ಇಲ್ಲಿ ಸೂತ್ರ ಒಂದೇ: ಕಿಲೋಮೀಟರಿಗೆ ಎಷ್ಟು ಕಡಿಮೆ ಸುತ್ತು, ಪ್ರತಿ ಸುತ್ತಿಗೆ ಎಷ್ಟು ಕಡಿಮೆ ಘರ್ಷಣೆ. ಎಂಜಿನ್ ತಡವರಿಸದಷ್ಟು ಬೇಗ ಮೇಲಿನ ಗೇರಿಗೆ ಹಾಕುವುದು, ಮಾತಿಗೆ ನಿಂತಾಗ ಆಫ್ ಮಾಡುವುದು ಇವೆರಡಕ್ಕೂ ಕಾಸಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ ಕಾಯುತ್ತದೆ ಎಂದೊಡನೆ ಥರ್ಮೋಸ್ಟಾಟ್ ಕಿತ್ತುಹಾಕುವ ರೂಢಿ ಇದೆ. ಅದನ್ನು ಕಿತ್ತರೆ ನೀರು ಸದಾ ರೇಡಿಯೇಟರ್ ಮೂಲಕ ಹರಿದು, ಮಡಿಕೇರಿಯ ಮಳೆಚಳಿಯಲ್ಲಿ ಸಣ್ಣ ದೂರ ಓಡುವ ಗಾಡಿಯ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ತಣ್ಣಗಿನ ಎಣ್ಣೆ ಮಂದ, ಮಂದ ಎಣ್ಣೆಯಲ್ಲಿ ಘರ್ಷಣೆ ಹೆಚ್ಚು, ತಣ್ಣಗಿನ ಸಿಲಿಂಡರ್ ಗೋಡೆ ದಹನದ ಬಿಸಿಯನ್ನು ಹೆಚ್ಚು ಹೀರುತ್ತದೆ, ಸವೆತವೂ ಹೆಚ್ಚು. ಕಾಯುವುದಕ್ಕೆ ನಿಜವಾದ ಮದ್ದು ರೇಡಿಯೇಟರ್ ಶುಚಿ ಮಾಡಿಸುವುದು. ಥರ್ಮೋಸ್ಟಾಟ್ ವಾಪಸು ಬರಲಿ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳಿಗೆ ಕೈಪಿಡಿ ಹೇಳಿದ್ದಕ್ಕಿಂತ ಮಂದವಾದ ಎಣ್ಣೆ 'ಒಳ್ಳೆಯದು' ಎಂದು ಹಾಕುವುದೂ ಇದೇ ಬಗೆಯ ತಪ್ಪು ಉಪಚಾರ.

ಎಂಜಿನ್ನಿನೊಳಗೆ ಮಾಡಬೇಕಾದದ್ದೇ ಇಲ್ಲ ಎಂದು ಇದರ ಅರ್ಥವಲ್ಲ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದ್ದರೆ ಪೂರ್ತಿ ಉರಿಯದ ಇಂಗಾಲ ಕಣ್ಣಿಗೆ ಕಾಣುತ್ತಿದೆ ಎಂದೇ ಲೆಕ್ಕ: ನಾಝಲ್ ಸವೆದಿರಬಹುದು, ಪಂಪಿನ ಟೈಮಿಂಗ್ ಜಾರಿರಬಹುದು, ಟ್ಯಾಪೆಟ್ ಸೆಟ್ಟಿಂಗ್ ತಪ್ಪಿರಬಹುದು. ಇವನ್ನು ಸರಿಪಡಿಸಿದರೆ ಎಂಜಿನ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಅದನ್ನು ಮೀರುವುದಿಲ್ಲ. ಮೂಲಕ್ಕಿಂತ ಮೇಲೇರಿಸುತ್ತೇವೆ ಎನ್ನುವ ಅಯಸ್ಕಾಂತ, ಹೈಡ್ರೋಜನ್ ಕಿಟ್, ಟ್ಯಾಂಕಿಗೆ ಸುರಿಯುವ ದ್ರವಗಳನ್ನು ಮಾತ್ರ ಲೆಕ್ಕದ ಒರೆಗೆ ಹಚ್ಚಬೇಕು. ಡೀಸೆಲಿನ ಅಣುಗಳ ಮೇಲೆ ಪೈಪಿಗೆ ಕಟ್ಟಿದ ಅಯಸ್ಕಾಂತದ ಪರಿಣಾಮ ದಹನವನ್ನು ಬದಲಿಸುವಷ್ಟಿಲ್ಲ. ಹೈಡ್ರೋಜನ್ ಕಿಟ್ಟಿಗೆ ವಿದ್ಯುತ್ ಬರುವುದು ಎಂಜಿನ್ ತಿರುಗಿಸುವ ಆಲ್ಟರ್ನೇಟರಿನಿಂದ. ಎಂಜಿನ್, ಆಲ್ಟರ್ನೇಟರ್, ವಿದ್ಯುದ್ವಿಭಜನೆ ಮೂರೂ ತಮ್ಮ ಪಾಲು ಕಳೆದ ಮೇಲೆ ಡೀಸೆಲಿನ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಹೈಡ್ರೋಜನ್ ಆಗಿ ಎಂಜಿನ್ನಿಗೆ ಮರಳುತ್ತದೆ. ಹೀಗೆ ಕಳೆದುಕೊಂಡು ಗಳಿಸುವುದು ಸಾಧ್ಯವಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಗಣನೀಯವಾಗಿ ಇಂಧನ ಉಳಿಸಿದ್ದು ಯಾವುದೂ ಇಲ್ಲ.

'ಆದರೆ ನಮ್ಮ ಪರಿಚಯದವರಿಗೆ ಎರಡು ಕಿಲೋಮೀಟರ್ ಹೆಚ್ಚಾಯಿತಲ್ಲ' ಎಂಬುದು ಇದಕ್ಕೆ ಬರುವ ಆಕ್ಷೇಪ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅಳತೆ ಸುಳ್ಳು ಹೇಳುತ್ತಿರುತ್ತದೆ. ಟ್ಯಾಂಕ್ ತುಂಬಿಸುವಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೆ, ದಾರಿ ಬದಲಾದರೆ, ಹೊರೆ ಬದಲಾದರೆ ಹತ್ತು ಪ್ರತಿಶತ ವ್ಯತ್ಯಾಸ ತಾನೇ ಬರುತ್ತದೆ. ಹಣ ಕೊಟ್ಟು ಏನನ್ನೋ ಹಾಕಿಸಿದ ಮೇಲೆ ಕಾಲೂ ಹಗುರವಾಗುತ್ತದೆ, ಆ ಉಳಿತಾಯದ ಕೀರ್ತಿ ಸಾಧನಕ್ಕೆ ಹೋಗುತ್ತದೆ. ದೊಡ್ಡ ಟೈರ್ ಹಾಕಿದವರಿಗೆ ಇದರ ತಿರುವುಮುರುವು: 29 ಇಂಚಿನ ಬದಲು 31 ಇಂಚಿನ ಟೈರ್ ಹಾಕಿದರೆ ಓಡೋಮೀಟರ್ ಸುಮಾರು ಶೇ. 6.5ರಷ್ಟು ಕಡಿಮೆ ದೂರ ತೋರಿಸಿ, ಇದ್ದುದಕ್ಕಿಂತ ಕೆಟ್ಟ ಮೈಲೇಜ್ ಕಾಣುತ್ತದೆ. ಅದೇ ಬಂಕಿನಲ್ಲಿ ಕುತ್ತಿಗೆವರೆಗೆ ತುಂಬಿಸಿ, ಕಿಲೋಮೀಟರ್ ಕಲ್ಲುಗಳಿಂದ ಓಡೋಮೀಟರ್ ತಾಳೆ ನೋಡಿ, ಹಲವು ಟ್ಯಾಂಕುಗಳ ಸರಾಸರಿ ತೆಗೆದರೆ ಮಾತ್ರ ಶೇ. 5ರ ಸುಧಾರಣೆ ನಿಜವೋ ಭ್ರಮೆಯೋ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವ ಸಂಯಮವೂ ಬೇಕು.

ಕೊನೆಯ ಆಕ್ಷೇಪ, ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಬಾರದೇಕೆ ಎಂಬುದು. ದಿನವೂ ಹೆದ್ದಾರಿಯಲ್ಲಿ ನೂರಾರು ಕಿ.ಮೀ. ಓಡುವವರಿಗೆ ಈ ಮಾತು ಸರಿ. 2020ರಿಂದ ಬಂದ ಬಿಎಸ್ 6 ವಾಹನಗಳ ಹೊಗೆ ಹಳೆಯ ಡೀಸೆಲಿಗಿಂತ ಬಹಳ ಶುದ್ಧ. ಮೈಲೇಜ್ ಏರಿಸಿ ಆ ಅಂತರವನ್ನು ತುಂಬಲಾಗದು. ಆದರೆ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ವಾರಕ್ಕೆ ಕೆಲವೇ ಕಿಲೋಮೀಟರ್ ಓಡುವ ಗಾಡಿಗೆ ಹೊಸ ವಾಹನದ ಬೆಲೆಯೂ ಅದರ ಉಕ್ಕಿಗೆ ಖರ್ಚಾದ ಶಕ್ತಿಯೂ ಡೀಸೆಲ್ ಉಳಿತಾಯದಿಂದ ಹುಟ್ಟುವುದು ಕಷ್ಟ. ಅಂಥ ಗಾಡಿಯನ್ನು ಇಟ್ಟುಕೊಳ್ಳುವವರಿಗೆ ಅದನ್ನು ಚೆನ್ನಾಗಿ ಇಟ್ಟುಕೊಳ್ಳುವ ಹೊಣೆಯೂ ಇದೆ, ಏಕೆಂದರೆ ಉರಿದ ಪ್ರತಿ ಲೀಟರ್ ಡೀಸೆಲ್ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಖರ್ಚು ಮಾಡುವ ಕ್ರಮ ಲೆಕ್ಕದಿಂದಲೇ ಹೊರಡುತ್ತದೆ: ಮೊದಲು ಕಾಸಿಲ್ಲದ್ದು, ಅಂದರೆ ವೇಗ, ಬ್ರೇಕು, ಗೇರು, ಬೇಡದ ತೂಕ, ನಂತರ ಕೆಲವು ನೂರು ರೂಪಾಯಿಯದು, ಅಂದರೆ ಗಾಳಿ, ಬೇರಿಂಗ್, ಥರ್ಮೋಸ್ಟಾಟ್, ಸರಿಯಾದ ಎಣ್ಣೆ, ಆಮೇಲೆ ನಾಝಲ್ ಮತ್ತು ಪಂಪು, ಟೈರ್ ಸವೆದು ಹೇಗೂ ಬದಲಿಸುವ ಸಮಯ ಬಂದಾಗ ಹಗುರವಾಗಿ ಉರುಳುವ ಟೈರು. ಬಿಡಿಯಾಗಿ ನೋಡಿದರೆ ಇವು ಎರಡು, ಮೂರು, ಐದು ಪ್ರತಿಶತದ ಮಾತು. ಆದರೆ ಎಲ್ಲವೂ ಒಂದೇ ಟ್ಯಾಂಕಿಗೆ ಜಮೆಯಾಗುವುದರಿಂದ ಕೂಡಿದಾಗ ಐದನೇ ಒಂದು ಭಾಗ ಡೀಸೆಲ್ ಉಳಿಸುವುದು ಯಾವ ಪವಾಡವೂ ಅಲ್ಲ, ಶ್ರದ್ಧೆಯ ಕೆಲಸ.